ಚೋರ್ಲಾ ಇಳಿದು ದಶಮಿಯ ಅಲೆಗೆ

ನವಮಿ: ಕಣಕುಂಬಿಯ ದಾರಿ

ಬೆಳಗಾವಿಯಿಂದ ಗೋವಾದ ಕಡಲಿಗೆ ಇಳಿಯಲು ಇರುವ ದಾರಿಗಳಲ್ಲಿ ನನ್ನ ಒಲವು ಯಾವಾಗಲೂ ಚೋರ್ಲಾ ಕಡೆಗೇ. ಖಾನಾಪುರ, ಲೋಂಡಾ, ಅನಮೋಡ ಹಿಡಿದು ಹೋಗುವವರು ಸುಖವಾಗಿ ಹೋಗಲಿ. ಜಾಂಬೋಟಿ, ಕಣಕುಂಬಿಗಳ ಕಾಡಿನ ನಡುವೆ ಸುತ್ತುವ ಈ ರಸ್ತೆಯಲ್ಲಿ ಗುಂಡಿಗಳಿಗೇನೂ ಕೊರತೆಯಿಲ್ಲ, ಆದರೆ ಬಯಲುಸೀಮೆಯಿಂದ ಮಲೆನಾಡಿಗೆ, ಮಲೆನಾಡಿನಿಂದ ಕರಾವಳಿಗೆ ಒಂದೇ ಮುಂಜಾನೆಯಲ್ಲಿ ದಾಟಿಸುವ ದಾರಿ ನಮ್ಮ ಕಡೆ ಬೇರೆ ಕಡಿಮೆ.

ನಾವು ಹೊರಟವರು ಮೂವರು. ನಾನು, ಬೆಳಗಾವಿಯಲ್ಲಿ ಓದುತ್ತಿರುವ ಮಗಳು, ಎಂ.ಕೆ. ಹುಬ್ಬಳ್ಳಿ ಹತ್ತಿರ ಕಬ್ಬು ಬೆಳೆಯುವ ನನ್ನ ತಮ್ಮ. ಸರ್ಫಿಂಗ್ ಕಲಿಯಬೇಕೆಂಬ ಹಟ ಮಗಳದು. ಕೋಣೆ, ಕಲಿಸುವವರು ಎಲ್ಲವನ್ನೂ ಅವಳೇ ಮೊಬೈಲಿನಲ್ಲಿ ಗೊತ್ತುಮಾಡಿದ್ದಳು. ಕಾರು ತಮ್ಮನದು. ಅವನು ಬಂದದ್ದು ಕಬ್ಬು ಕಡಿಯುವ ತಂಡ ಇನ್ನೂ ಬಂದಿರಲಿಲ್ಲ ಎಂಬ ಒಂದೇ ಕಾರಣಕ್ಕೆ. ಅವ್ವ ಕಾರ್ತಿಕಿ ಏಕಾದಶಿಗೆ ದಿಂಡಿಯವರ ಜೊತೆ ಪಂಢರಪುರಕ್ಕೆ ಹೋಗಿದ್ದಳು. ಹೋಗುವಾಗ, ತುಳಸಿ ಲಗ್ನಕ್ಕೆ ಮನೆಯಲ್ಲಿ ದೀಪ ಹಚ್ಚುವವರು ಯಾರು ಎಂದು ಕೇಳಿದ್ದಳು. ದ್ವಾದಶಿಯ ಸಂಜೆಯೊಳಗೆ ಬಂದುಬಿಡುತ್ತೇವೆ ಎಂದು ಮಾತು ಕೊಟ್ಟಿದ್ದೆವು.

ಊರು ಬಿಡುವ ಹೊತ್ತಿಗೆ ತಾಳ, ಭಗವಾ ಧ್ವಜ ಹಿಡಿದ ವಾರಕರಿಗಳ ಸಾಲು ಎದುರಾಯಿತು. ಅವರು ಉತ್ತರಕ್ಕೆ, ನಾವು ಪಶ್ಚಿಮಕ್ಕೆ. ತಮ್ಮ ಗಾಡಿ ನಿಲ್ಲಿಸಿ ಕೈಮುಗಿದ. ಅವನ ಕೊರಳಲ್ಲಿ ತುಳಸಿ ಮಾಲೆಯಿಲ್ಲ, ಗೋವಾದಲ್ಲಿ ಮೀನು ತಿನ್ನುವ ಯೋಚನೆ ಇತ್ತು. ಅದಕ್ಕೇ ಕೈ ಮುಗಿಯುವುದು ಸ್ವಲ್ಪ ಹೆಚ್ಚೇ ಹೊತ್ತು ನಡೆಯಿತು.

ಜಾಂಬೋಟಿಯಲ್ಲಿ ಚಹಾ. ಇಲ್ಲಿಂದ ಮುಂದೆ ಮೊಬೈಲಿಗೆ ಸಿಗ್ನಲ್ ಬಂದು ಹೋಗುತ್ತಿರುತ್ತದೆ, ಪೆಟ್ರೋಲನ್ನು ಬೆಳಗಾವಿಯಲ್ಲೇ ತುಂಬಿಸಿಕೊಂಡರೆ ನೆಮ್ಮದಿ. ಮಳೆ ನಿಂತು ಕೆಲವೇ ದಿನಗಳಾಗಿದ್ದರಿಂದ ಹುಲ್ಲು ಇನ್ನೂ ಹಸಿರಾಗಿತ್ತು, ತುದಿಯಲ್ಲಿ ಮಾತ್ರ ಒಣಗುತ್ತಿತ್ತು. ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟುವ ಕುಂಡದ ಬಳಿ ಇಳಿದೆವು. ತಮ್ಮನ ಹೊಲ ಕುಡಿಯುವುದು ಈ ನದಿಯ ನೀರನ್ನೇ. ಇಷ್ಟು ಚಿಕ್ಕ ಕುಂಡ ನೋಡಿ ಅವನಿಗೆ ನಂಬಿಕೆಯೇ ಬರಲಿಲ್ಲ. ಈ ಏರಿನ ಒಂದು ಮಗ್ಗುಲಿಗೆ ಬಿದ್ದ ಮಳೆ ಮಲಪ್ರಭೆಯಾಗಿ ಸವದತ್ತಿಯ ನವಿಲುತೀರ್ಥದ ಅಣೆಕಟ್ಟು ಕಂಡು, ಬಾಗಲಕೋಟೆ ಜಿಲ್ಲೆಯ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಇನ್ನೊಂದು ಮಗ್ಗುಲಿನದು ಮಹದಾಯಿಗೆ ಬಿದ್ದು, ಗೋವಾದಲ್ಲಿ ಮಾಂಡವಿ ಎನಿಸಿಕೊಂಡು ಅರಬ್ಬಿ ಸಮುದ್ರ ಸೇರುತ್ತದೆ. ಕಳಸಾ ನಾಲೆಯ ಜಗಳವೆಲ್ಲ ಈ ಮಗ್ಗುಲಿನ ನೀರು ಆ ಮಗ್ಗುಲಿಗೆ ಹೋಗಬೇಕೇ ಬೇಡವೇ ಎಂಬುದರ ಮೇಲೆಯೇ. ತಮ್ಮ ಅದರ ಬಗ್ಗೆ ಮಾತು ಶುರುಮಾಡಿದ, ಸಾಖಳಿ ಬರುವವರೆಗೂ ನಿಲ್ಲಿಸಲಿಲ್ಲ.

ಚೋರ್ಲಾ ಘಾಟಿನ ತಿರುವುಗಳಲ್ಲಿ ಮಂಜು ಇತ್ತು. ಮಂಜಿಗಿಂತ ಹೆಚ್ಚು ತೊಂದರೆ ಕೊಟ್ಟದ್ದು ಬುತ್ತಿ. ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಎಲ್ಲ ಸುಮ್ಮನಿದ್ದವು. ಕೆಂಪು ಖಾರದ ಡಬ್ಬಿಯ ಮುಚ್ಚಳ ಮಾತ್ರ ಒಂದು ತಿರುವಿನಲ್ಲಿ ಬಿಚ್ಚಿಕೊಂಡು ಎಣ್ಣೆ ಸಮೇತ ತಮ್ಮನ ಬಿಳಿ ಅಂಗಿಯ ಮಡಿಕೆಗೆ ಇಳಿಯಿತು. ಆ ಅಂಗಿಯನ್ನು ಅವನು ಆಮೇಲೆ ಸಮುದ್ರದ ನೀರಿನಲ್ಲಿ ತೊಳೆಯಲು ಹೋಗಿ, ಕಲೆಯ ಸುತ್ತ ಉಪ್ಪಿನ ಅಂಚು ಕೂಡ ಕಟ್ಟಿಸಿಕೊಂಡ.

ಸಾಖಳಿ, ಡಿಚೋಲಿ, ಮಾಪುಸಾ ದಾಟಿ ಉತ್ತರ ಗೋವಾದ ಅಶ್ವೇ ತೀರ ತಲುಪಿದಾಗ ಇಳಿಮಧ್ಯಾಹ್ನ. ಕಡಲ ಮೇಲೆ ಬೀಸುಗಾಳಿ. ನೀರೆಲ್ಲ ಕದಡಿ, ಅಲೆಗಳಿಗೆ ಸಾಲೂ ಇಲ್ಲ, ಲೆಕ್ಕವೂ ಇಲ್ಲ. ಮಗಳ ಮುಖ ಸಪ್ಪೆಯಾಯಿತು. ಹಲಗೆಗಳನ್ನು ತೊಳೆದು ಒರಗಿಸುತ್ತಿದ್ದ ಕಲಿಸುವ ಹುಡುಗ ಅವಳ ಮುಖ ನೋಡಿ, "ಇದು ನಿಮ್ಮ ಹೊತ್ತಲ್ಲ. ನಾಳೆ ಬೆಳಗ್ಗೆ ಆರೂವರೆಗೆ ಬನ್ನಿ, ಬೇರೆಯೇ ಸಮುದ್ರ ಇರುತ್ತದೆ" ಎಂದು ಹಿಂದಿಯಲ್ಲಿ ಹೇಳಿದ.

ದಶಮಿ: ಬೆಳಗಿನ ನೀರು

ಅವನು ಹೇಳಿದ್ದು ಸುಳ್ಳಾಗಲಿಲ್ಲ. ತೆಂಗಿನ ಮರಗಳ ಹಿಂದೆ ಸೂರ್ಯ ಇನ್ನೂ ಮೇಲೇರಿರಲಿಲ್ಲ, ನೆಲದ ಕಡೆಯಿಂದ ತಣ್ಣನೆಯ ಗಾಳಿ ಸಣ್ಣಗೆ ಬೆನ್ನಿಗೆ ತಾಗುತ್ತಿತ್ತು. ಹಿಂದಿನ ದಿನದ ಕದಡು ಎಲ್ಲೂ ಇಲ್ಲ. ಅಲೆಗಳು ಒಂದರ ಹಿಂದೆ ಒಂದು, ನಡುವೆ ಬೇಕಾದಷ್ಟು ಬಿಡುವು ಕೊಟ್ಟು ಬರುತ್ತಿದ್ದವು. ರಾತ್ರಿಯೆಲ್ಲ ತಣಿದ ನೆಲದಿಂದ ಗಾಳಿ ಕಡಲಿನತ್ತ ಬೀಸಿದರೆ ಅಲೆಯ ಮುಖವನ್ನು ಎತ್ತಿ ಹಿಡಿದು ನುಣುಪು ಮಾಡುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ, ಹತ್ತೂವರೆ ಹನ್ನೊಂದರ ಸುಮಾರಿಗೆ, ಗಾಳಿ ತಿರುಗಿ ಕಡಲಿನಿಂದ ಬೀಸತೊಡಗುತ್ತದೆ. ಆಮೇಲೆ ಅಲ್ಲಿ ಕಲಿಯುವವರಿಗೆ ಕೆಲಸವಿಲ್ಲ. ಮಳೆಗಾಲ ಕಳೆದ ಮೇಲೆ ಈ ಕರಾವಳಿಯಲ್ಲಿ ಹೆಚ್ಚಿನ ದಿನಗಳು ಹೀಗೇ ನಡೆಯುತ್ತವೆಯಂತೆ. ಗೋವಾಕ್ಕೆ ಬಂದು ಒಂಬತ್ತಕ್ಕೆ ಎದ್ದು, ತಿಂಡಿ ಮುಗಿಸಿ ಹನ್ನೊಂದಕ್ಕೆ ನೀರಿಗೆ ಇಳಿಯುವವರು ಸಮುದ್ರವನ್ನು ಬೈದುಕೊಂಡು ಹೋಗುವುದಕ್ಕೆ ಕಾರಣ ಇದೇ.

ಗಾಳಿಯಷ್ಟೇ ಮುಖ್ಯವಾದದ್ದು ಭರತ, ಅಂದರೆ ಕಡಲಿನ ಉಬ್ಬರ. ಈ ತೀರದಲ್ಲಿ ಮರಳೇ ಹೆಚ್ಚು, ಆದರೆ ಒಂದು ಕಡೆ ಕಪ್ಪು ಬಂಡೆಗಳ ಸಾಲು ನೀರಿನೊಳಕ್ಕೆ ಚಾಚಿಕೊಂಡಿದೆ. ಹೊರಗಿನ ಅಲೆಯ ಬಲವನ್ನು ಬಂಡೆಗಳು ಮೊದಲೇ ಮುರಿಯುವುದರಿಂದ ಅವುಗಳ ಪಕ್ಕದ ಮರಳಿನ ಮೇಲೆ ಹೊಸಬರಿಗೆ ತಕ್ಕ ನೊರೆಯಲೆ ಉಳಿಯುತ್ತದೆ. ಅಲೆ ತನ್ನ ಎತ್ತರದ ಸುಮಾರು ಒಂದೂಕಾಲು ಪಟ್ಟು ಆಳದ ನೀರಿಗೆ ಬಂದಾಗ ಮುರಿಯುತ್ತದೆ. ಭರತದಲ್ಲಿ ನೀರು ಹೆಚ್ಚಿರುವಾಗ ಬಿದ್ದರೆ ಬೀಳುವುದು ನೀರಿಗೆ, ಇಳಿತದಲ್ಲಿ ಬಿದ್ದರೆ ಕಲ್ಲಿಗೆ.

ಹಾಗಾದರೆ ಬೆಳಗಿನ ಗಾಳಿ, ಬೆಳಗಿನ ಭರತ ಎರಡೂ ಒಟ್ಟಿಗೆ ಸಿಗುವುದು ಯಾವಾಗ? ಇದನ್ನು ಮಗಳು ಮೊಬೈಲಿನಲ್ಲಿ ಹುಡುಕುತ್ತಿದ್ದಾಗ ಕಲಿಸುವ ಹುಡುಗ ತಿಥಿ ಎಣಿಸಿ ಹೇಳಿಬಿಟ್ಟ. ಅಮಾವಾಸ್ಯೆ, ಹುಣ್ಣಿಮೆಗಳಂದು ಇಲ್ಲಿ ಭರತ ಹೆಚ್ಚುಕಡಿಮೆ ಹನ್ನೊಂದರ ಆಸುಪಾಸು, ಅವತ್ತು ಏರಿಳಿತವೂ ಜೋರು. ದಿನಕ್ಕೆ ಐವತ್ತು ನಿಮಿಷದಷ್ಟು ಅದು ಮುಂದಕ್ಕೆ ಜರುಗುತ್ತದೆ. ಹಿಂದಕ್ಕೆ ಎಣಿಸಿದರೆ ದಶಮಿ, ಏಕಾದಶಿ, ದ್ವಾದಶಿಗಳಲ್ಲಿ ಏಳರಿಂದ ಒಂಬತ್ತರೊಳಗೆ ಭರತ. ಶುಕ್ಲ ಪಕ್ಷಕ್ಕೂ ಅದೇ, ಕೃಷ್ಣ ಪಕ್ಷಕ್ಕೂ ಅದೇ. ಅವ್ವ ಉಪವಾಸಕ್ಕೆಂದು ನೋಡುವ ಪಂಚಾಂಗ ಸರ್ಫಿಂಗಿಗೂ ಆಗುತ್ತದೆಂದು ತಮ್ಮನಿಗೆ ಭಾರಿ ಖುಷಿ. ನಿಮಿಷದ ಲೆಕ್ಕಕ್ಕೆ ಮೊಬೈಲಿನ ಭರತದ ಪಟ್ಟಿಯನ್ನೇ ನೋಡಬೇಕು. ಯಾವ ವಾರ ರಜೆ ಹಾಕಬೇಕು ಎಂದು ತೀರ್ಮಾನಿಸಲು ಗೋಡೆಯ ಮೇಲಿನ ಕ್ಯಾಲೆಂಡರ್ ಸಾಕು.

ಮೊದಲ ಅರ್ಧ ಗಂಟೆ ಮರಳಿನ ಮೇಲೇ ಕಳೆಯಿತು. ಕಲಿಯುವವರಿಗೆ ಕೊಡುವುದು ಎಂಟೊಂಬತ್ತು ಅಡಿಯ, ಮೇಲ್ಮೈ ಮೆತ್ತಗಿರುವ ಉದ್ದ ಹಲಗೆ. ಎದೆ ಊರಿ ಮಲಗಬೇಕು, ಕಾಲ್ಬೆರಳು ಹಲಗೆಯ ಬಾಲದ ಅಂಚಿಗೆ ಬರಬೇಕು, ಅಂಗೈಗಳನ್ನು ಪಕ್ಕೆಲುಬಿನ ಪಕ್ಕದಲ್ಲಿ ಒತ್ತಿ ಒಮ್ಮೆಲೇ ಎದ್ದು ನಿಲ್ಲಬೇಕು. ಮಂಡಿಯೂರಿ ಏಳುವ ಅಭ್ಯಾಸವಾದರೆ ಅದು ಆಮೇಲೆ ಬಿಡುವುದಿಲ್ಲವಂತೆ. ಹಲಗೆಗೂ ಹಿಂದಿನ ಕಾಲಿಗೂ ನಡುವೆ ಒಂದು ರಬ್ಬರ್ ಹಗ್ಗ. ನೀರಿಗೆ ಇಳಿಯುವ ಮುನ್ನ ಅವನು ಎರಡು ಮಾತನ್ನು ಮತ್ತೆ ಮತ್ತೆ ಹೇಳಿಸಿದ. ಬರುವ ಅಲೆಗೂ ನಮಗೂ ನಡುವೆ ಹಲಗೆ ಅಡ್ಡ ಇರಬಾರದು. ಬಿದ್ದರೆ ಕಾಲೂರದೆ ಮೈಯನ್ನು ಚಪ್ಪಟೆಯಾಗಿ ಹರಡಿ ಬೀಳಬೇಕು, ಎರಡು ಕೈಗಳಿಂದ ತಲೆ ಮುಚ್ಚಿಕೊಂಡು ಮೇಲೇಳಬೇಕು.

ನೀರು ಬೆಚ್ಚಗಿತ್ತು. ಮೊಬೈಲಿನಲ್ಲಿ ಅಲೆ ಎರಡು ಅಡಿ, ಅಲೆಯಿಂದ ಅಲೆಗೆ 11 ಸೆಕೆಂಡ್ ಎಂದಿತ್ತು. ದಂಡೆಯಲ್ಲಿ ನಿಂತು ನೋಡಿದರೆ ಎರಡು ಅಡಿ ಏನೂ ಅಲ್ಲ. ಹಲಗೆಯ ಮೇಲೆ ಮಲಗಿ ಕಣ್ಣು ನೀರಿನ ಮಟ್ಟಕ್ಕೆ ಬಂದಾಗ ಅದೇ ಎರಡು ಅಡಿ ದೊಡ್ಡ ಮನುಷ್ಯನಾಗುತ್ತದೆ. ಹುಡುಗ ಹಲಗೆಯನ್ನು ದಂಡೆಯತ್ತ ತಿರುಗಿಸಿ, ಹಿಂದೆ ನೋಡುತ್ತಾ ನಿಂತು, ಸರಿಯಾದ ಅಲೆ ಬಂದಾಗ ತಳ್ಳುತ್ತಿದ್ದ. ನೊರೆ ಹಿಂದಿನಿಂದ ಹಿಡಿದ ಕೂಡಲೇ ಹಲಗೆ ಮೊದಲ ಸಲ ನೊಗಕ್ಕೆ ಕಟ್ಟಿದ ಹೋರಿಯ ಹಾಗೆ ಮುಂದಕ್ಕೆ ಜಿಗಿಯಿತು. ನಾನು ಏಳುವ ಯೋಚನೆ ಮಾಡುವಷ್ಟರಲ್ಲಿ ಮೂಗಿನ ತುಂಬ ಉಪ್ಪುನೀರು. ಮಗಳೂ ಬೀಳುತ್ತಿದ್ದಳು, ಆದರೆ ನಗುತ್ತಾ ಬೀಳುತ್ತಿದ್ದಳು. ಸಲ್ವಾರ್ ಕಮೀಜಿನಲ್ಲಿ ಬಂದಿದ್ದ ಪುಣೆಯ ಒಬ್ಬ ಅಜ್ಜಿ ದಂಡೆಯಿಂದಲೇ ನನಗೆ ಸೂಚನೆ ಕೊಡತೊಡಗಿದರು: "ಕೆಳಗೆ ನೋಡಬೇಡ, ದಂಡೆಯ ಕಡೆ ನೋಡು!" ಕಲಿಸುವವನೂ ಅದನ್ನೇ ಹೇಳುತ್ತಿದ್ದ. ಅಜ್ಜಿ ಹೇಳಿದ್ದು ಮಾತ್ರ ತಲೆಗೆ ಹೋಯಿತು.

ಒಂಬತ್ತರ ಹೊತ್ತಿಗೆ ತೋಳುಗಳು ಸೋತು ಹೋಗಿದ್ದವು. ತಿಂಡಿಗೆ ಪೊಯ್ ಎಂಬ ಅವರ ಬ್ರೆಡ್ಡು, ಅಲಸಂದೆಯ ಭಾಜಿ. ಶಾಕಾಹಾರಿಗಳಿಗೆ ಗೋವಾದಲ್ಲಿ ಊಟವಿಲ್ಲ ಎನ್ನುವವರು ಬೆಳಗಿನ ಹೊತ್ತು ಊರೊಳಗಿನ ಚಹಾದಂಗಡಿಗೆ ಹೋಗಿಲ್ಲ ಅಷ್ಟೇ. ಮಧ್ಯಾಹ್ನಕ್ಕೆ ನಮ್ಮ ರೊಟ್ಟಿ, ಅವರ ಸೋಲಕಢಿ. ತಮ್ಮ ದೂರದ ಮೇಜಿನಲ್ಲಿ ನಮಗೆ ಬೆನ್ನು ಹಾಕಿ ಕೂತು ಸುರ್ಮಾಯಿ ತಿಂದ.

ಆಮೇಲೆ ಇಳಿತ. ನೀರು ಹಿಂದೆ ಸರಿದು, ಬೆಳಗ್ಗೆ ನಾವು ಕಾಣದಿದ್ದ ಬಂಡೆಗಳೆಲ್ಲ ಎದ್ದು ನಿಂತಿದ್ದವು. ಅವುಗಳ ಮೈ ತುಂಬ ಅಂಟಿಕೊಂಡ ಸಿಂಪಿಗಳು, ಅಂಚುಗಳಲ್ಲಿ ಪಾಚಿ, ಕುಳಿಗಳಲ್ಲಿ ನಿಂತ ನೀರು, ಅದರಲ್ಲಿ ಬೆರಳಿನುದ್ದದ ಮೀನುಗಳು ನೆರಳು ಕಂಡ ಕೂಡಲೇ ಬಿರುಕಿಗೆ ನುಗ್ಗುತ್ತಿದ್ದವು. ಏಡಿಯ ಚಿತ್ರ ತೆಗೆಯಲು ತಮ್ಮ ಬರಿಗಾಲಿನಲ್ಲಿ ಹತ್ತಿದ. ಪಾಚಿಯ ಮೇಲೆ ಜಾರಿದ ಕಾಲು ಸಿಂಪಿಯ ಅಂಚಿಗೆ ತಾಗಿ ಅಂಗಾಲು ಸೀಳಿತು. ಗಾಯ ದೊಡ್ಡದಲ್ಲ, ಆದರೆ ಸಿಂಪಿಯ ಚೂರು ಒಳಗುಳಿದರೆ ಕೀವಾಗುತ್ತದೆ. ಜೀವರಕ್ಷಕರ ಬಳಿ ಇದ್ದ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಿಂದ ಇಕ್ಕಳ ತೆಗೆದು ಚೂರು ಕಿತ್ತು, ಸಿಹಿನೀರಿನಲ್ಲಿ ಚೆನ್ನಾಗಿ ತೊಳೆದು ಪಟ್ಟಿ ಕಟ್ಟಿದರು. ಮಾಪುಸಾದಲ್ಲಿ ಧನುರ್ವಾಯುವಿನ ಚುಚ್ಚುಮದ್ದು ಕೂಡ ಆಯಿತು. ಈ ತೀರಕ್ಕೆ ಬರುವವರು ಅಡಿ ಗಟ್ಟಿಯಿರುವ, ನೀರಿಗೆ ಇಳಿಯಬಹುದಾದ ರಬ್ಬರ್ ಬೂಟು ತಂದುಕೊಂಡರೆ ಅರ್ಧ ದಿನ ಉಳಿಯುತ್ತದೆ.

ಏಕಾದಶಿ: ಮೋಡವಿಲ್ಲದ ಎಚ್ಚರಿಕೆ

ಆಕಾಶದಲ್ಲಿ ಒಂದು ಚೂರು ಮೋಡವಿಲ್ಲ. ಗಾಳಿ ನಿನ್ನೆಯಂತೆಯೇ ನೆಲದ ಕಡೆಯಿಂದ. ನಮ್ಮ ಲೆಕ್ಕದಲ್ಲಿ ಇದು ನಿನ್ನೆಗಿಂತ ಒಳ್ಳೆಯ ಬೆಳಗು. ಆದರೆ ದಂಡೆಗೆ ಹೋದರೆ ಹಲಗೆಗಳನ್ನು ಹೊರಗೇ ತೆಗೆದಿಲ್ಲ. ಕಲಿಸುವ ಹುಡುಗ ಕೈಕಟ್ಟಿ ನಿಂತು ಬಂಡೆಗಳ ಕಡೆ ತೋರಿಸಿದ. ನೋಡುತ್ತಿದ್ದಂತೆ ಸುಮ್ಮನಿದ್ದ ನೀರು ಮೇಲೆದ್ದು, ಬಂಡೆಸಾಲಿನ ಮೇಲೆ ಒಮ್ಮೆಲೇ ಕವುಚಿ ಬಿತ್ತು. ಸದ್ದು ಕಾಲಡಿಯ ಮರಳಿನಲ್ಲಿ ತಿಳಿಯಿತು. ಆಮೇಲೆ ಬಹಳ ಹೊತ್ತು ಏನೂ ಇಲ್ಲ, ಮತ್ತೆ ಅಂಥವೇ ನಾಲ್ಕಾರು.

ಮೊಬೈಲಿನ ಅಂಕಿಗಳಲ್ಲಿ ಅದು ಮೊದಲೇ ಬರೆದಿತ್ತು: ನಾಲ್ಕು ಅಡಿ, 16 ಸೆಕೆಂಡ್. ನಾಲ್ಕು ಅಡಿಗಿಂತ ಗಮನಿಸಬೇಕಾದದ್ದು ಆ ಹದಿನಾರು. ಇಲ್ಲಿಯ ಗಾಳಿ ಎಬ್ಬಿಸುವ ಅಲೆಗಳು ಒತ್ತೊತ್ತಾಗಿ ಬರುತ್ತವೆ, ಅವುಗಳಿಗೆ ಬಲ ಕಡಿಮೆ. ನಡುವಿನ ಬಿಡುವು ಹೆಚ್ಚಿದಷ್ಟೂ ಅಲೆ ದೂರದಿಂದ ಬಂದದ್ದು, ಆಳದವರೆಗೂ ನೀರನ್ನು ಹಿಡಿದುಕೊಂಡು ಬಂದದ್ದು. ಹಿಂದೂ ಮಹಾಸಾಗರದ ದಕ್ಷಿಣ ತುದಿಯಲ್ಲಿ ಬಿರುಗಾಳಿ ಎದ್ದರೆ ಅದರ ಅಲೆಗಳು ಸಾವಿರಾರು ಕಿಲೋಮೀಟರ್ ನಡೆದು, ದಿನಗಳು ಕಳೆದ ಮೇಲೆ ನಮ್ಮ ಕರಾವಳಿಗೆ ತಾಗುತ್ತವೆ. ಇಲ್ಲಿ ಬಿಸಿಲಿರಬಹುದು, ಗಾಳಿ ಇಲ್ಲದಿರಬಹುದು. ಎತ್ತರ ಎರಡು ಪಟ್ಟಾದರೆ ಅಲೆಯ ಶಕ್ತಿ ನಾಲ್ಕು ಪಟ್ಟಾಗುತ್ತದೆ, ಬಿಡುವು ಹೆಚ್ಚಿದರೆ ಇನ್ನೂ ಮೇಲೆ. ಹೈದರಾಬಾದಿನಲ್ಲಿರುವ ಇನ್‌ಕಾಯ್ಸ್ ಎಂಬ ಸರ್ಕಾರಿ ಸಂಸ್ಥೆ ಇಂಥ ದೂರದ ಅಲೆಗಳ ಎಚ್ಚರಿಕೆಯನ್ನು ಮೀನುಗಾರರಿಗಾಗಿ ಕೊಡುತ್ತದೆ. ಹವಾಮಾನ ಇಲಾಖೆಯ ಮಳೆ ಮುನ್ಸೂಚನೆಯನ್ನು ಮಾತ್ರ ನೋಡುವ ನಮ್ಮಂಥ ಬಯಲುಸೀಮೆಯವರು ಇದನ್ನೂ ನೋಡುವುದು ಒಳ್ಳೆಯದು. ಕಬ್ಬಿಗೆ ಮಳೆ ಬರುವ ಮುನ್ನ ಮೋಡ ಕಾಣುತ್ತದೆ, ಇಲ್ಲಿ ಅದೂ ಕಾಣುವುದಿಲ್ಲ.

ಪಟ್ಟಿ ಕಟ್ಟಿದ ಕಾಲನ್ನು ಕುರ್ಚಿಯ ಮೇಲೆ ಚಾಚಿಕೊಂಡಿದ್ದ ತಮ್ಮ ಅಷ್ಟರಲ್ಲಿ ಎಳನೀರಿನವನನ್ನು ಗೆಳೆಯನನ್ನಾಗಿ ಮಾಡಿಕೊಂಡಿದ್ದ. ನಮ್ಮ ಮಾತು ಕೇಳಿ ಅವನೇ ಹತ್ತಿರ ಬಂದಿದ್ದನಂತೆ. ಊರು ಬಾದಾಮಿ ಕಡೆ.

"ಅಕ್ಕಾ, ನೀವು ಬೆಳಗಾವಿಯವರೇನು? ಬನ್ನಿ, ಗಂಜಿ ಇರುವ ಕಾಯಿಯನ್ನೇ ಕೊಡುತ್ತೇನೆ."

"ಇಲ್ಲಿಗೆ ಬಂದು ಬಹಳ ವರ್ಷವಾಯಿತೇ?"

"ಮಗ ಹುಟ್ಟುವುದಕ್ಕೆ ಮೊದಲೇ ಬಂದವನು. ಈಗ ಅವನು ಮನೆಯಲ್ಲಿ ಕೊಂಕಣಿ ಮಾತನಾಡುತ್ತಾನೆ, ನಾನು ಕನ್ನಡದಲ್ಲಿ ಬೈಯುತ್ತೇನೆ."

ಓಖಿ ಚಂಡಮಾರುತದ ಮಾತು ತೆಗೆದವನು ಅವನೇ. 2017ರ ಡಿಸೆಂಬರ್ ಮೊದಲ ವಾರ, ಹುಣ್ಣಿಮೆಯ ಹೊತ್ತು. ಚಂಡಮಾರುತ ಹಾದುಹೋದದ್ದು ಬಹಳ ದೂರದ ಕಡಲಿನಲ್ಲಿ. ಆದರೆ ಅದರ ಅಲೆ ಹುಣ್ಣಿಮೆಯ ಭರತದ ಜೊತೆ ಕೂಡಿದ್ದರಿಂದ ನೀರು ದಂಡೆಯ ಗುಡಿಸಲು ಹೋಟೆಲುಗಳೊಳಗೆ ನುಗ್ಗಿತ್ತು. "ಕುರ್ಚಿಗಳು ತೇಲುತ್ತಿದ್ದವು. ಮಳೆ ಇಲ್ಲ, ಏನಿಲ್ಲ. ಅವತ್ತಿನಿಂದ ನಾನು ಆಕಾಶ ನೋಡಿ ಗಾಡಿ ನಿಲ್ಲಿಸುವುದಿಲ್ಲ, ದೋಣಿಗಳನ್ನು ಎಲ್ಲಿಯವರೆಗೆ ಎಳೆದಿದ್ದಾರೆ ಎಂದು ನೋಡಿ ನಿಲ್ಲಿಸುತ್ತೇನೆ."

ಅವತ್ತು ದೋಣಿಗಳನ್ನು ತೆಂಗಿನ ಬುಡದವರೆಗೂ ಎಳೆದಿದ್ದರು. ಕೆಂಪು ಬಾವುಟ ನೆಟ್ಟಿದ್ದ ಜಾಗದಲ್ಲೇ ಕೆಲವು ಹುಡುಗರು ಮೊಬೈಲ್ ಎತ್ತಿ ಹಿಡಿದು ಸೊಂಟದ ನೀರಿಗೆ ಇಳಿಯುತ್ತಿದ್ದರು. ಜೀವರಕ್ಷಕ ಸೀಟಿ ಊದಿ ಊದಿ ಸುಸ್ತಾಗಿದ್ದ. ನನ್ನ ಮಗಳಿಗೆ ಅವನು ಒಳಸೆಳೆತ ಇರುವ ಜಾಗ ತೋರಿಸಿದ. ಎರಡೂ ಪಕ್ಕದಲ್ಲಿ ಅಲೆ ಮುರಿಯುತ್ತಿದ್ದರೂ ನಡುವೆ ಒಂದು ಪಟ್ಟಿಯಲ್ಲಿ ಮಾತ್ರ ನೀರು ಶಾಂತ, ಬಣ್ಣ ಸ್ವಲ್ಪ ಕಂದು, ನೊರೆ ಹಿಮ್ಮುಖವಾಗಿ ಹೋಗುತ್ತಿತ್ತು. ಈಜು ಬಾರದವರು ಇಳಿಯಲು ಆರಿಸುವುದು ಆ ಶಾಂತ ಪಟ್ಟಿಯನ್ನೇ. ಸಿಕ್ಕಿಕೊಂಡರೆ ದಂಡೆಯತ್ತ ಗುದ್ದಾಡದೆ, ದಂಡೆಗೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಹೊರಬರಬೇಕು.

ಬೆಳಗ್ಗೆಯೇ ಅವ್ವನ ಫೋನ್ ಬಂತು. ಹಿಂದಿನಿಂದ ಭಜನೆ, ಜನರ ಗದ್ದಲ. ಚಂದ್ರಭಾಗೆಯಲ್ಲಿ ಸ್ನಾನವಾಯಿತಂತೆ, ದರ್ಶನದ ಸಾಲು ಉದ್ದವಿದೆಯಂತೆ. "ನೀವು ನೀರಿಗೆ ಇಳಿದಿರೇನು?" ಎಂದು ಕೇಳಿದಳು. ಇವತ್ತು ಇಳಿಯಲು ಬಿಡಲಿಲ್ಲ ಎಂದಾಗ, ಬಿಡದಿದ್ದವರಿಗೆ ಒಳ್ಳೆಯದಾಗಲಿ ಎಂದಳು. ತಮ್ಮ ಅಂದು ಮೀನು ಮುಟ್ಟಲಿಲ್ಲ. ಹೋಟೆಲಿನವರು ಮಾಡಿಕೊಟ್ಟ ಸಾಬುದಾಣಿ ಖಿಚಡಿ ಮುದ್ದೆಯಾಗಿತ್ತು, ಎಲ್ಲರೂ ಬಾಯಿಮುಚ್ಚಿಕೊಂಡು ತಿಂದೆವು.

ಸಂಜೆ ಮೋರ್ಜಿಯ ಕಡೆ ಹೋದೆವು. ಕಡಲಾಮೆಗಳು ಮೊಟ್ಟೆಯಿಡಲು ಬರುವ ತೀರ ಅದು. ಹಂಗಾಮು ಇನ್ನೂ ಶುರುವಾಗುತ್ತಿತ್ತಷ್ಟೇ, ಕಂಡದ್ದು ಫಲಕ ಮಾತ್ರ.

ದ್ವಾದಶಿ: ನಿಂತದ್ದು, ಹೊರಟದ್ದು

ರಾತ್ರಿಯಲ್ಲಿ ಅಲೆ ಇಳಿದಿತ್ತು. ಮೊಬೈಲಿನಲ್ಲಿ ಎರಡೂವರೆ ಅಡಿ, 12 ಸೆಕೆಂಡ್. ಭರತ ಎಂಟೂವರೆಯ ಸುಮಾರಿಗೆ ಎಂದಾದ್ದರಿಂದ ಏಳೂವರೆಗೆ ಇಳಿದರೆ ಸಾಕು ಎಂದರು. ಬಂಡೆಯ ತುದಿಗಳ ಮೇಲೆ ನೀರು ಹತ್ತಿ ಇಳಿಯುತ್ತಿತ್ತು, ಗುದ್ದುತ್ತಿರಲಿಲ್ಲ. ಕಲಿಸುವ ಹುಡುಗ ನಮ್ಮಿಬ್ಬರನ್ನೂ ಮರಳಿನ ಪಟ್ಟಿಯ ನಡುವೆ ನಿಲ್ಲಿಸಿ, ಎರಡು ತೆಂಗಿನ ಮರಗಳನ್ನು ಗುರುತಾಗಿ ಕೊಟ್ಟ. ಆ ಮರಗಳ ನೇರ ತಪ್ಪಿದರೆ ಬಂಡೆಯತ್ತ ಜರುಗುತ್ತಿದ್ದೇವೆ ಎಂದರ್ಥ. ನೀರಿನಲ್ಲಿದ್ದಾಗ ಜರುಗುವುದು ಗೊತ್ತೇ ಆಗುವುದಿಲ್ಲ.

ಮಗಳು ನಿಂತಳು. ಮಂಡಿ ಬಗ್ಗಿಸಿ, ಕೈಗಳನ್ನು ಎರಡೂ ಕಡೆ ಚಾಚಿ, ದಂಡೆಯ ಮರಳಿಗೆ ಹಲಗೆಯ ಮೂಗು ತಾಗುವವರೆಗೂ ಬಂದಳು. ಬಂದವಳೇ ಇಳಿದು, ಏನೂ ಆಗದವಳಂತೆ ಹಲಗೆ ತಿರುಗಿಸಿಕೊಂಡು ಮತ್ತೆ ಹೊರಟಳು. ತಮ್ಮ ಮಾತ್ರ ಕುಂಟುತ್ತಾ ಎದ್ದು ಸೀಟಿ ಹೊಡೆದ. ಜೀವರಕ್ಷಕ ಗಾಬರಿಯಾಗಿ ತಿರುಗಿ ನೋಡಿದ. ನಾನೂ ನಿಂತೆ. ಮೊಣಕಾಲು ಪೂರ್ತಿ ನೆಟ್ಟಗಾಗಲಿಲ್ಲ, ದೂರವೂ ಬರಲಿಲ್ಲ, ಆದರೆ ಪಾದದಡಿ ನೀರು ಓಡುತ್ತಿರುವುದು ತಿಳಿಯಿತು. ಹತ್ತಕ್ಕೆ ಎಲೆಗಳ ಅಲುಗಾಟ ನಿಂತಿತು, ಸ್ವಲ್ಪ ಹೊತ್ತಿಗೆ ಗಾಳಿ ಎದುರಿನಿಂದ ಬೀಸತೊಡಗಿತು. ಯಾರೂ ಹೇಳದೆಯೇ ಹಲಗೆ ಎತ್ತಿಕೊಂಡು ಹೊರಬಂದೆವು.

ಘಾಟು ಹತ್ತುವ ಮೊದಲು ಊಟ ಮುಗಿಸಿಕೊಳ್ಳುವುದು ಒಳ್ಳೆಯದು, ತಿರುವಿನ ಮೇಲೆ ತಿರುವು. ದಾರಿಯುದ್ದಕ್ಕೂ ಗೋವಾದ ಮನೆಗಳ ಅಂಗಳದಲ್ಲಿ ತುಳಸಿಕಟ್ಟೆಗೆ ಸುಣ್ಣ, ಕಬ್ಬು, ನೆಲ್ಲಿ ಟೊಂಗೆ. ಕಬ್ಬು ಕೊಳ್ಳೋಣವೇ ಎಂದು ಮಗಳು ಕೇಳಿದ್ದಕ್ಕೆ ಎಕರೆಗಟ್ಟಲೆ ಕಬ್ಬಿನ ಒಡೆಯನಾದ ಅವಳ ಮಾಮನಿಗೆ ಸಿಟ್ಟು ಬಂತು.

ಜಾಂಬೋಟಿಗೆ ಬರುತ್ತಲೇ ಅವನ ಮೊಬೈಲಿಗೆ ಒಂದರ ಹಿಂದೆ ಒಂದು ಸಂದೇಶ. ಕಡಿಯುವ ತಂಡ ಮರುದಿನ ಬೆಳಗ್ಗೆಯೇ ಹೊಲಕ್ಕೆ ಬರುತ್ತದೆ. ಅಂಗಾಲಿನ ಪಟ್ಟಿ ನೋಡಿಕೊಂಡು, ಬದುವಿನ ಮೇಲೆ ಹೇಗೆ ನಡೆಯುವುದು ಎಂದು ಅವನು ಗೊಣಗಿದ. ಕೃಷ್ಣ ಪಕ್ಷದ ದಶಮಿಗೆ ಮತ್ತೆ ಹೋಗೋಣವೇ ಎಂದು ಹಿಂದಿನ ಸೀಟಿನಿಂದ ಮಗಳು ಕೇಳಿದಳು. ಅಷ್ಟರಲ್ಲಿ ಅವಳ ಪರೀಕ್ಷೆ, ಆಮೇಲೆ ಡಿಸೆಂಬರ್ ಕೊನೆಯ ಜನಜಂಗುಳಿ, ಕೋಣೆಗೆ ಬಾಯಿಗೆ ಬಂದ ಬೆಲೆ. ಫೆಬ್ರವರಿಯ ದಶಮಿ ಯಾವ ವಾರ ಬರುತ್ತದೆ ನೋಡು ಎಂದೆ. ಅವಳು ಆಗಲೇ ನೋಡುತ್ತಿದ್ದಳು.